ಹಿತ್ತಲಿನ ಮೇಪಲ್ ರಸಕ್ಕೆ ಯಾವ ಒಲೆ, ಯಾವ ಪ್ಯಾನ್?

ಮೊದಲ ವರ್ಷ ಮೇಪಲ್ ಮರದ ರಸವನ್ನು ಸಿರಪ್ (ಸಿಹಿ ಪಾಕ) ಮಾಡಲು ಅಡುಗೆಮನೆಯ ಒಲೆ ಮೇಲೇ ಕುದಿಸಿದ್ದೆ. ನಾಲ್ಕು ಮರ, ನಾಲ್ಕು ಬಕೆಟ್, ಏನು ಮಹಾ ಅಂತ. ಮಧ್ಯಾಹ್ನ ಇಟ್ಟ ಪಾತ್ರೆ ರಾತ್ರಿ ಹನ್ನೊಂದಾದರೂ ನೀರಿನಂತೆಯೇ ಇತ್ತು. ಕಿಟಕಿ ಗಾಜಿನಿಂದ ನೀರು ಇಳಿಯುತ್ತಿತ್ತು, ಒಲೆಯ ಹಿಂದಿನ ವಾಲ್‌ಪೇಪರ್ ಮೂಲೆಯಲ್ಲಿ ಎದ್ದು ಬಂದಿತ್ತು, ಮನೆಯವಳು ಒಂದು ಮಾತೂ ಆಡದೆ ಹಿಂದಿನ ಬಾಗಿಲು ತೆಗೆದಿಟ್ಟು ಹೋಗಿ ಮಲಗಿದಳು. ಹೊರಗೆ ಮೈನಸ್ 6. ಮಾರನೇ ದಿನವೂ ಕುದಿಸಿ ಕೊನೆಗೆ ಸಿಕ್ಕಿದ್ದು ಮುಕ್ಕಾಲು ಲೀಟರ್ ಸಿರಪ್.

ನಾನಿರುವುದು ವರ್ಮಾಂಟ್‌ನಲ್ಲಿ. ಅಮೆರಿಕದ ಮೇಪಲ್ ಸಿರಪ್‌ನ ಅರ್ಧದಷ್ಟು ಈ ಪುಟ್ಟ ರಾಜ್ಯದಿಂದಲೇ ಬರುತ್ತದೆ, ಗಡಿಯಾಚೆ ಕೆನಡಾದ ಕ್ಯುಬೆಕ್ ಅಂತೂ ಇಡೀ ಜಗತ್ತಿಗೇ ಯಜಮಾನ. ಫೆಬ್ರುವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ ರಸ ಇಳಿಯುತ್ತದೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹೊಸ ಮನೆ ಕೊಂಡ ನಮ್ಮ ಭಾವ ಈ ಸಲ ಜನವರಿಯಲ್ಲೇ ಫೋನ್ ಮಾಡಿ, "ಹಿತ್ತಲಲ್ಲಿ ಹದಿನೈದು ಮೇಪಲ್ ಇದೆ ಮಾರಾಯ, ಇವಾಪೊರೇಟರ್ ಯಾವುದು ತಗೊಳ್ಳಲಿ?" ಅಂದರು. ಇವಾಪೊರೇಟರ್ ಅಂದರೆ ರಸ ಬತ್ತಿಸುವ ಒಲೆ ಮತ್ತು ಪ್ಯಾನ್. ಫೋನಿನಲ್ಲಿ ಒಂದು ಗಂಟೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಟೊರೊಂಟೊ, ಬಾಸ್ಟನ್ ಕಡೆ ಇರುವ ಬೇರೆ ಯಾರಿಗಾದರೂ ಉಪಯೋಗವಾದೀತು.

ಮೊದಲು ನೀರಿನ ಲೆಕ್ಕ

ಸಕ್ಕರೆ ಮೇಪಲ್ ಮರದ ರಸದಲ್ಲಿ ಸಕ್ಕರೆ ಸುಮಾರು 2%. ಉಳಿದದ್ದು ಹೆಚ್ಚುಕಮ್ಮಿ ನೀರೇ. ಎಷ್ಟು ರಸಕ್ಕೆ ಎಷ್ಟು ಸಿರಪ್ ಅಂತ ತಿಳಿಯಲು 86 ಅನ್ನು ಸಕ್ಕರೆಯ ಶೇಕಡಾವಾರಿನಿಂದ ಭಾಗಿಸಿ. ವರ್ಮಾಂಟ್ ವಿಶ್ವವಿದ್ಯಾಲಯದ ಜೋನ್ಸ್ ಎಂಬವರು 1946ರಲ್ಲಿ ಕೊಟ್ಟ ಸೂತ್ರ ಇದು, ಈಗಲೂ ಇಲ್ಲಿನ ರೈತರ ಬಾಯಲ್ಲಿದೆ. 2% ಇದ್ದರೆ 43 ಲೀಟರ್ ರಸಕ್ಕೆ 1 ಲೀಟರ್ ಸಿರಪ್. ಕೆಂಪು ಮೇಪಲ್ ಮರವಾಗಿ 1.5% ಮಾತ್ರ ಇದ್ದರೆ 57 ಲೀಟರ್ ಬೇಕು. ಅಂದರೆ ಒಲೆಯ ಕೆಲಸ ನಿರ್ಧಾರವಾಗುವುದು ಮರದಲ್ಲಿ.

ನಮ್ಮ ಶಿರಸಿ ಕಡೆಯ ಆಲೆಮನೆ ನೋಡಿದವರಿಗೆ ಇಲ್ಲಿ ಒಂದು ಮೋಸ ಆಗುತ್ತದೆ. ನನಗೂ ಆಯಿತು. ಕಬ್ಬಿನ ಹಾಲಿನಲ್ಲಿ ಸಕ್ಕರೆ 18% ಆಸುಪಾಸು ಇರುತ್ತದೆ. ಅದೇ ಸೂತ್ರ ಹಾಕಿದರೆ ಐದು ಲೀಟರ್ ಕಬ್ಬಿನ ಹಾಲಿಗೆ ಒಂದು ಲೀಟರ್ ಪಾಕ ಬಂತು. ಕೊಪ್ಪರಿಗೆ ಇಟ್ಟು ಕೆಲವು ಗಂಟೆಗಳಲ್ಲಿ ಜೋನಿ ಬೆಲ್ಲ ಇಳಿಸುತ್ತಿದ್ದುದನ್ನು ಕಣ್ಣಾರೆ ಕಂಡವನು ನಾನು, ಹಾಗಾಗಿ ಮೇಪಲ್ ಅನ್ನೂ ಹಾಗೇ ಅಂದುಕೊಂಡೆ. ಇದು ಅದರ ಎಂಟೊಂಬತ್ತು ಪಟ್ಟು ಕೆಲಸ.

ಇನ್ನು ಶಾಖ. ಫ್ರಿಜ್‌ನಷ್ಟು ತಣ್ಣಗಿರುವ ಒಂದು ಲೀಟರ್ ರಸವನ್ನು ಕುದಿಸಿ ಪೂರ್ತಿ ಹಬೆ ಮಾಡಲು ಸುಮಾರು 0.74 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಇದರಲ್ಲಿ ಕುದಿ ಬರಿಸಲು ಖರ್ಚಾಗುವುದು ಬರೀ ಆರನೇ ಒಂದು ಪಾಲು. ಉಳಿದ ಐದು ಪಾಲು ಕುದಿಯುತ್ತಿರುವ ನೀರನ್ನು ಹಬೆ ಮಾಡುವುದಕ್ಕೇ ಹೋಗುತ್ತದೆ. ಯಾವ ಒಲೆ ತಂದರೂ, ಯಾವ ಪ್ಯಾನ್ ಇಟ್ಟರೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಎಷ್ಟು ಶಾಖ ರಸಕ್ಕೆ ಮುಟ್ಟಿತು, ಎಷ್ಟು ಗಾಳಿಗೆ ಹೋಯಿತು ಅನ್ನುವುದರಲ್ಲಿ ಮಾತ್ರ ಒಂದಕ್ಕೊಂದಕ್ಕೆ ವ್ಯತ್ಯಾಸ.

ಅದಕ್ಕೇ ಪ್ಯಾನಿನ ತಳದ ಅಗಲ ಮುಖ್ಯ. ಬೆಂಕಿ ತಾಗುವ ಪ್ರತಿ ಒಂದು ಚದರ ಅಡಿಗೆ ಚಪ್ಪಟೆ ತಳದ ಪ್ಯಾನ್ ಗಂಟೆಗೆ ಸುಮಾರು 1 ಗ್ಯಾಲನ್, ಅಂದರೆ 3.8 ಲೀಟರ್ ನೀರು ಹಾರಿಸುತ್ತದೆ. ಅದೂ ಬೆಂಕಿ ಜೋರಾಗಿದ್ದರೆ. ಸೌದೆ ಹಾಕುವುದು ಮರೆತು ಒಳಗೆ ಹೋಗಿ ಕಾಫಿ ಕುಡಿದು ಬಂದರೆ ಅರ್ಧವೂ ಇಲ್ಲ.

ಹಾಗೇ ಒಂದು ತಪ್ಪು ನಂಬಿಕೆ ಬಗ್ಗೆಯೂ ಹೇಳಬೇಕು. ರಸ ತೆಳ್ಳಗೆ ಹಾಕಿದರೆ ಬೇಗ ಬತ್ತುತ್ತದೆ ಅಂತಾರೆ. ತಳ ಅಷ್ಟೇ, ಬೆಂಕಿ ಅಷ್ಟೇ ಇದ್ದರೆ ಕುದಿ ಬಂದ ಮೇಲೆ 3 ಸೆಂಟಿಮೀಟರ್ ರಸವೂ 15 ಸೆಂಟಿಮೀಟರ್ ರಸವೂ ಗಂಟೆಗೆ ಹಾರಿಸುವ ನೀರು ಒಂದೇ. ಆಳ ಕಡಿಮೆ ಇದ್ದರೆ ಕುದಿ ಬೇಗ ಬರುತ್ತದೆ, ಸಕ್ಕರೆ ಬೆಂಕಿ ಮೇಲೆ ಕಡಿಮೆ ಹೊತ್ತು ಇರುತ್ತದೆ, ಸಿರಪ್ ಬಣ್ಣ ತಿಳಿಯಾಗಿ ಬರುತ್ತದೆ. ಲಾಭ ಅದು. ಆದರೆ ಒಂದು ಇಂಚಿಗಿಂತ ಕೆಳಗೆ ಇಳಿಸಬೇಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ತಳ ಹಿಡಿಯುತ್ತದೆ. ಒಂದೂವರೆ ಇಂಚು ನನಗೆ ಸರಿಹೋಗಿದೆ.

ನಿಮ್ಮ ಹತ್ತಿರ ಎಷ್ಟು ಗಂಟೆ ಇದೆ?

ಭಾವನಿಗೆ ಮೊದಲು ಕೇಳಿದ ಪ್ರಶ್ನೆ ಇದು, ಬಜೆಟ್ ಎಷ್ಟು ಅಂತಲ್ಲ. ಅವರು ಸೋಮವಾರದಿಂದ ಶುಕ್ರವಾರ ಆಫೀಸು. ಕುದಿಸಲು ಸಿಗುವುದು ಶನಿವಾರ, ಭಾನುವಾರ, ತಲಾ ಎಂಟು ಗಂಟೆ.

ಒಂದು ಟ್ಯಾಪ್‌ನಿಂದ, ಅಂದರೆ ಮರಕ್ಕೆ ತೂತು ಕೊರೆದು ಹೊಡೆದ ಒಂದು ನಳಿಕೆಯಿಂದ, ಇಡೀ ಸೀಸನ್‌ಗೆ ಸುಮಾರು 40 ಲೀಟರ್ ರಸ ಅಂತ ಹಿಡಿಯಿರಿ, ಒಂದು ಲೀಟರ್‌ಗೆ ಸ್ವಲ್ಪ ಕಡಿಮೆ ಸಿರಪ್. ಆದರೆ ಇದು ದಿನಾ ಸಮನಾಗಿ ಬರುವುದಿಲ್ಲ. ಮೂರು ದಿನ ಒಂದು ಹನಿ ಇಲ್ಲ, ನಾಲ್ಕನೇ ದಿನ ಬಕೆಟ್ ತುಂಬಿ ಸುರಿಯುತ್ತದೆ. ಒಳ್ಳೆಯ ದಿನ ಒಂದು ಟ್ಯಾಪ್ 4 ರಿಂದ 8 ಲೀಟರ್ ಕೊಡಬಹುದು. ರಸ ಹಾಲಿನ ಹಾಗೆ, ಇಟ್ಟರೆ ಕೆಡುತ್ತದೆ. ಹಿಮದಲ್ಲಿ ಹೂತಿಟ್ಟು 4 ಡಿಗ್ರಿಗಿಂತ ತಣ್ಣಗೆ ಇಟ್ಟರೆ ನಾಲ್ಕೈದು ದಿನ ತಡೆಯುತ್ತದೆ. ಮಾರ್ಚ್ ಕೊನೆಗೆ ಬಿಸಿಲು ಏರಿದ ಮೇಲೆ ಆ ನಂಬಿಕೆಯೂ ಇಲ್ಲ.

ಹದಿನೈದು ಟ್ಯಾಪ್ ಅಂದರೆ ಒಂದು ಒಳ್ಳೆಯ ವಾರದಲ್ಲಿ 200 ಲೀಟರ್ ಸೇರಬಹುದು. ಹದಿನಾರು ಗಂಟೆಯಲ್ಲಿ ಅದು ಮುಗಿಯಬೇಕು. ಗಂಟೆಗೆ 12-13 ಲೀಟರ್ ಬತ್ತಿಸುವ ಒಲೆ ಬೇಕು, ಅಷ್ಟೇ. ಇಲ್ಲಿನವರು ಹತ್ತು ಟ್ಯಾಪ್‌ಗೆ ಗಂಟೆಗೆ ಒಂದು ಗ್ಯಾಲನ್ ಅಂತ ಒಂದು ಒರಟು ಲೆಕ್ಕ ಹೇಳುತ್ತಾರೆ. ಅದು ದಿನಾ ಸಂಜೆ ಕುದಿಸಲು ಬಿಡುವಿರುವವರಿಗೆ ಸರಿ. ವಾರಾಂತ್ಯಕ್ಕೆ ಮಾತ್ರ ಸಿಗುವವರು ಅದನ್ನು ಎರಡು ಪಟ್ಟು ಮಾಡಿಕೊಳ್ಳಬೇಕು.

ಈಗ ಒಂದೊಂದಾಗಿ ನೋಡೋಣ.

ಕರೆಂಟ್ ಹಾಟ್‌ಪ್ಲೇಟ್

ಗೋಡೆಯ ಸಾಮಾನ್ಯ ಸಾಕೆಟ್‌ಗೆ ಹಾಕುವ 1500 ವ್ಯಾಟ್ ಹಾಟ್‌ಪ್ಲೇಟ್ ಒಂದು ಚೂರೂ ಶಾಖ ಪೋಲು ಮಾಡದಿದ್ದರೂ ಗಂಟೆಗೆ 2 ಲೀಟರ್ ದಾಟುವುದಿಲ್ಲ. ನಿಜದಲ್ಲಿ ಒಂದೂವರೆ ಲೀಟರ್ ಬಂದರೆ ಹೆಚ್ಚು. ಒಂದು ಲೀಟರ್ ಸಿರಪ್‌ಗೆ ಮೂವತ್ತು ಗಂಟೆ ಆಯಿತು. ತಮಾಷೆ ಏನೆಂದರೆ, ಖರ್ಚು ನಾವು ಅಂದುಕೊಂಡಷ್ಟು ಇಲ್ಲ, ಗ್ಯಾಸಿಗಿಂತ ಕಡಿಮೆಯೇ ಬೀಳಬಹುದು. ಆದರೆ ಹೊತ್ತು? ಎರಡು ಮರ ಇರುವವರು, ಮಕ್ಕಳಿಗೆ ತೋರಿಸಬೇಕು ಅನ್ನುವವರು ಸೂರು ಇರುವ ಹೊರಜಗಲಿಯಲ್ಲಿ ಇಟ್ಟು ಮಾಡಬಹುದು. ಮನೆಯೊಳಗೆ ಮಾತ್ರ ಬೇಡ. ನನ್ನ ವಾಲ್‌ಪೇಪರ್ ನೆನಪಿಸಿಕೊಳ್ಳಿ.

ಪ್ರೊಪೇನ್ ಗ್ಯಾಸ್ ಬರ್ನರ್

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಟರ್ಕಿ ಕೋಳಿ ಕರಿಯಲು ಮಾರುವ ಮೂರು ಕಾಲಿನ ದೊಡ್ಡ ಬರ್ನರ್ ಇದು. ಬಹಳ ಜನ ಇದರಿಂದಲೇ ಶುರು ಮಾಡುತ್ತಾರೆ, ನಾನೂ ಎರಡನೇ ವರ್ಷ ಇದನ್ನೇ ಮಾಡಿದ್ದು. ಗುಬ್ಬಿ ತಿರುಗಿಸಿದರೆ ಬೆಂಕಿ, ಹೊಗೆಯಿಲ್ಲ, ಬೂದಿಯಿಲ್ಲ. ಅದರ ಜೊತೆಗೇ ಬರುವ ಎತ್ತರದ ಹಂಡೆಯಲ್ಲಿ ಗಂಟೆಗೆ 4 ರಿಂದ 6 ಲೀಟರ್ ಹೋಗುತ್ತದೆ.

ಇಲ್ಲಿನ 20 ಪೌಂಡ್ ಸಿಲಿಂಡರ್‌ನಲ್ಲಿ 9 ಕೆಜಿ ಗ್ಯಾಸ್ ಇರುತ್ತದೆ. ನಮ್ಮ ಊರಿನ ಅಡುಗೆ ಸಿಲಿಂಡರ್ 14.2 ಕೆಜಿ, ಅದಕ್ಕಿಂತ ಸಣ್ಣದು ಅಂತಾಯಿತು. ಬೆಂಕಿಯ ಅರ್ಧ ಶಾಖ ಪಾತ್ರೆಗೆ ಸೇರಿದರೆ ಒಂದು ಸಿಲಿಂಡರ್‌ಗೆ 80 ಲೀಟರ್ ನೀರು ಹಾರುತ್ತದೆ, ಗಾಳಿ ಬೀಸುತ್ತಿದ್ದರೆ 60ಕ್ಕೆ ಇಳಿಯುತ್ತದೆ. ಸುಮಾರು 70 ಅಂತ ಇಟ್ಟುಕೊಳ್ಳಿ. ಹಾಗಾದರೆ ಒಂದು ಸಿಲಿಂಡರ್‌ಗೆ ಒಂದೂವರೆ ಲೀಟರ್ ಸಿರಪ್ ಮೇಲೆ ಸ್ವಲ್ಪ. ತುಂಬಿಸಲು 20 ಡಾಲರ್ ಆಸುಪಾಸು ಕೊಟ್ಟರೆ ಬರೀ ಗ್ಯಾಸಿನ ಖರ್ಚೇ ಲೀಟರ್‌ಗೆ 12-13 ಡಾಲರ್ ಆಗುತ್ತದೆ.

ಇದನ್ನು ಸುಧಾರಿಸಲು ಎರಡು ಉಪಾಯ ಇದೆ. ಹಂಡೆ ಬಿಟ್ಟು ಅಗಲ ತಳದ ಪ್ಯಾನ್ ಇಡುವುದು ಒಂದು. ಬರ್ನರ್ ಸುತ್ತ ತಗಡಿನ ಮರೆ ಕಟ್ಟುವುದು ಇನ್ನೊಂದು, ಗಾಳಿಗೆ ಜ್ವಾಲೆ ಹೊರಳಿ ಹೋಗುವುದು ನಿಂತರೇ ಅರ್ಧ ಕೆಲಸ ಆಯಿತು. ಆದರೆ ಮರೆ ಕಟ್ಟುವ ಉತ್ಸಾಹದಲ್ಲಿ ಸಿಲಿಂಡರನ್ನೂ ಒಳಗೆ ಸೇರಿಸಬೇಡಿ, ಮತ್ತೆ ಚಳಿ ಅಂತ ಗ್ಯಾರೇಜ್ ಒಳಗೆ ಉರಿಸಲೇಬೇಡಿ. ಉರಿಯಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಎಂಟು ಟ್ಯಾಪ್ ಒಳಗಿರುವವರಿಗೆ ಇದು ಸಾಕು ಅಂತ ನನ್ನ ಅಭಿಪ್ರಾಯ. ಭಾವನ ಹದಿನೈದು ಟ್ಯಾಪ್‌ಗೆ ಸೀಸನ್‌ಗೆ 600 ಲೀಟರ್, ಒಂಬತ್ತು ಸಿಲಿಂಡರ್, 120 ಗಂಟೆ. ಎರಡು ಬರ್ನರ್ ಇಟ್ಟರೆ ಗಂಟೆ ಅರ್ಧವಾಗುತ್ತದೆ, ಸಿಲಿಂಡರ್ ಅಷ್ಟೇ ಇರುತ್ತದೆ.

ಕಾಂಕ್ರೀಟ್ ಇಟ್ಟಿಗೆಯ ಒಲೆ

ನನಗೆ ಅತ್ಯಂತ ಇಷ್ಟವಾದದ್ದು ಇದು, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೇಪಲ್ ಒಲೆಗೆ ಇಲ್ಲಿ ಆರ್ಚ್ ಅನ್ನುತ್ತಾರೆ. ಹಾಲೋ ಬ್ಲಾಕ್‌ಗಳನ್ನು ಮೂರು ಸಾಲು ಎತ್ತರಕ್ಕೆ ಗಾರೆಯಿಲ್ಲದೆ ಸುಮ್ನೆ ಜೋಡಿಸಿ, ಮುಂದೆ ಸೌದೆ ಹಾಕುವ ಬಾಯಿ, ಹಿಂದೆ ಹೊಗೆ ಕೊಳವೆ ಬಿಟ್ಟು, ಮೇಲೆ ಸ್ಟೀಲ್ ಪ್ಯಾನ್ ಇಳಿಬಿಡುವುದು. ಪ್ಯಾನ್ ಯಾವುದೆಂದರೆ ಬಫೆ ಊಟದಲ್ಲಿ ಪಲಾವ್, ಪಲ್ಯ ಇಟ್ಟಿರುತ್ತಾರಲ್ಲ, ಅದೇ. ಅಂಚು ಹೊರಗೆ ಮಡಚಿದ್ದರಿಂದ ಒಲೆಯ ಬಾಯಿಗೆ ಸರಿಯಾಗಿ ಕೂರುತ್ತದೆ. ಪೂರ್ತಿ ಅಳತೆಯದು 12 ಇಂಚು ಅಗಲ, 20 ಇಂಚು ಉದ್ದ. ಹೋಟೆಲ್ ಮುಚ್ಚಿದವರು ಹಳೆಯದನ್ನು ಅಗ್ಗಕ್ಕೆ ಮಾರುತ್ತಾರೆ. ಮೂರು ಪ್ಯಾನ್ ಸೇರಿದರೆ ಐದು ಚದರ ಅಡಿ. ಸೂತ್ರದ ಪ್ರಕಾರ 19 ಲೀಟರ್ ಬರಬೇಕು. ಬರುವುದು 10 ರಿಂದ 15.

ಕಮ್ಮಿ ಏಕೆ ಬರುತ್ತದೆ ಅನ್ನುವುದರಲ್ಲೇ ಇದರ ಎಲ್ಲ ಗುಟ್ಟು ಇದೆ. ನಾನು ಮೊದಲು ಕಟ್ಟಿದಾಗ ಒಳಗೆ ಪೂರ್ತಿ ಖಾಲಿ ಪೆಟ್ಟಿಗೆ ಬಿಟ್ಟಿದ್ದೆ. ಬೆಂಕಿ ಮುಂದೆ ಕೆಳಗೆ ಉರಿಯಿತು, ಬಿಸಿ ಗಾಳಿ ಆರಾಮವಾಗಿ ಹಿಂದೆ ಕೊಳವೆಗೆ ಹೋಯಿತು, ಮೊದಲ ಪ್ಯಾನ್ ಕುದಿಯಿತು, ಮೂರನೆಯದು ಸ್ನಾನದ ನೀರಿನಷ್ಟು ಬೆಚ್ಚಗಾಯಿತು. ಗಂಟೆಗೆ 6 ಲೀಟರ್. ಪಕ್ಕದ ಮನೆಯ ಅಜ್ಜ ಬಂದು ನೋಡಿ ನಕ್ಕು, ಒಲೆಯ ಹಿಂದಿನ ಅರ್ಧಕ್ಕೆ ಮರಳು ತುಂಬಿಸಿ ಪ್ಯಾನಿನ ತಳದಿಂದ ಎರಡು ಮೂರು ಇಂಚು ಮಾತ್ರ ಸಂದು ಬಿಡಿಸಿದ. ಜ್ವಾಲೆಗೆ ಬೇರೆ ದಾರಿಯೇ ಇಲ್ಲ, ತಳ ಸವರಿಕೊಂಡೇ ಹೋಗಬೇಕು. ಆಮೇಲೆ ಕೆಳಗೆ ಕಬ್ಬಿಣದ ಜಾಲರಿ ಇಟ್ಟು ಸೌದೆಯನ್ನು ನೆಲದಿಂದ ಎತ್ತಿದೆ, ಕೆಂಡದ ಅಡಿಯಿಂದ ಗಾಳಿ ಬರುವ ಹಾಗಾಯಿತು. ಪ್ಯಾನ್ ಅಂಚಿನ ಸಂದುಗಳಿಗೆ ಸೆರಾಮಿಕ್ ಹಗ್ಗ ತುರುಕಿದೆ. ಮೂರು ಕೆಲಸಕ್ಕೂ ಸೇರಿ ಐವತ್ತು ಡಾಲರ್ ಖರ್ಚಾಗಲಿಲ್ಲ, 6 ಲೀಟರ್ ಇದ್ದದ್ದು 12 ಆಯಿತು. ಸಣ್ಣ ಬ್ಲೋವರ್ ಇಟ್ಟು ಜಾಲರಿ ಕೆಳಗೆ ಗಾಳಿ ಊದಿದರೆ 15 ಮುಟ್ಟುತ್ತದೆ.

ಸೌದೆ ವಿಷಯ. ದಪ್ಪ ಕೊರಡು ಹಾಕಬೇಡಿ. ಮಣಿಕಟ್ಟಿನಷ್ಟು ದಪ್ಪಕ್ಕೆ ಸೀಳಿದ, ಚೆನ್ನಾಗಿ ಒಣಗಿದ ಸೌದೆ ಬೇಕು. ಏಳೆಂಟು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಾಕಬೇಕು. ಒಮ್ಮೆಗೇ ತುಂಬಿಸಿದರೆ ಕುದಿ ಕೂತುಬಿಡುತ್ತದೆ. ಊರಲ್ಲಿ ಆಲೆಮನೆ ಒಲೆಗೆ ಒಬ್ಬ ಒಣ ಕಬ್ಬಿನ ಸಿಪ್ಪೆಯನ್ನು ಹಿಡಿ ಹಿಡಿಯಾಗಿ ಬಿಡದೆ ತಳ್ಳುತ್ತಲೇ ಕೂರುತ್ತಿದ್ದ, ಯಾಕೆ ಅಂತ ನನಗೆ ಗೊತ್ತಾದದ್ದು ಏಳು ಸಮುದ್ರ ದಾಟಿ ಬಂದ ಮೇಲೆ.

ತಣ್ಣನೆ ರಸವನ್ನು ಕುದಿಯುವ ಪ್ಯಾನಿಗೆ ಸುರಿಯುವುದೂ ಅದೇ ತಪ್ಪು. ಹಿಂದಿನ ಪ್ಯಾನನ್ನು ಬರೀ ಬಿಸಿ ಮಾಡಲು ಇಟ್ಟುಕೊಂಡು, ಅಲ್ಲಿಂದ ಸೌಟಿನಲ್ಲಿ ಮುಂದಿನದಕ್ಕೆ ದಾಟಿಸಿ. ಅಥವಾ ಒಂದು ಡಬ್ಬಕ್ಕೆ ತಳದಲ್ಲಿ ಸಣ್ಣ ತೂತು ಮಾಡಿ ಪ್ಯಾನಿನ ಮೇಲೆ ಕೂರಿಸಿ, ಸಣ್ಣ ಧಾರೆ ತಾನಾಗೇ ಬೀಳುತ್ತಿರಲಿ.

ದೋಷಗಳು? ಹೊಗೆ, ಬೂದಿ, ಬೆನ್ನುನೋವು. ಸಾದಾ ಕಾಂಕ್ರೀಟ್ ಬ್ಲಾಕ್ ಬೆಂಕಿಗೆ ಬಿರುಕು ಬಿಡುತ್ತದೆ, ಒಳಗೆ ಫೈರ್‌ಬ್ರಿಕ್ (ಬೆಂಕಿ ತಡೆಯುವ ಇಟ್ಟಿಗೆ) ಸಾಲು ಇಟ್ಟರೆ ಎರಡು ಮೂರು ವರ್ಷ ಬರುತ್ತದೆ. ಇನ್ನೊಂದು ನಾನು ಕಲಿತ ಪಾಠ: ಹೆಪ್ಪುಗಟ್ಟಿದ ನೆಲದ ಮೇಲೆ ಮಟ್ಟ ನೋಡಿ ಕಟ್ಟಿದ ಒಲೆ, ಬೆಂಕಿಯ ಬಿಸಿಗೆ ನೆಲ ಕರಗಿ ಒಂದು ಕಡೆ ವಾಲಿತು. ಪ್ಯಾನಿನ ಒಂದು ಮೂಲೆಯಲ್ಲಿ ರಸ ಬರಿ ಅರ್ಧ ಇಂಚು ಉಳಿದಿತ್ತು, ನಾನು ನೋಡಲಿಲ್ಲ. ಸೀದ ವಾಸನೆ ಬರುವಷ್ಟರಲ್ಲಿ ಎರಡು ದಿನದ ರಸ ಹೋಗಿತ್ತು, ಪ್ಯಾನೂ ಡೊಂಕಾಗಿತ್ತು. ಜಲ್ಲಿ ಹಾಸಿದ ಜಾಗದಲ್ಲೋ ಕಲ್ಲುಚಪ್ಪಡಿ ಮೇಲೋ ಕಟ್ಟಿ.

ಎಣ್ಣೆ ಡ್ರಮ್ಮಿನ ಒಲೆ

208 ಲೀಟರಿನ ಸ್ಟೀಲ್ ಡ್ರಮ್ ಅಡ್ಡ ಮಲಗಿಸಿ, ಕಾಲು, ಬಾಗಿಲು, ಕೊಳವೆಯ ಕಾಲರ್ ಇರುವ ಕಿಟ್ ಹಾಕಿ, ಮೇಲ್ಭಾಗ ಕತ್ತರಿಸಿ ಪ್ಯಾನ್ ಕೂರಿಸುವುದು. ಬೆಂಕಿಯ ಬುದ್ಧಿ ಎಲ್ಲ ಕಡೆ ಒಂದೇ ಆದ್ದರಿಂದ ಗಂಟೆಗೆ ಸಿಗುವುದೂ ಇಟ್ಟಿಗೆ ಒಲೆಯಷ್ಟೇ. ಬಾಗಿಲು ಇರುವುದರಿಂದ ಗಾಳಿಯ ಹಿಡಿತ ಸಿಗುತ್ತದೆ, ಸೀಸನ್ ಮುಗಿದ ಮೇಲೆ ಎತ್ತಿ ಷೆಡ್ಡಿಗೆ ಹಾಕಬಹುದು. ತಗಡು ತೆಳ್ಳಗೆ, ಪಕ್ಕದಿಂದ ಶಾಖ ಸೋರುತ್ತದೆ, ಒಳಗೆ ಫೈರ್‌ಬ್ರಿಕ್ ಇಡದಿದ್ದರೆ ನಿಮ್ಮ ಮೊಣಕಾಲು ಚೆನ್ನಾಗಿ ಬೇಯುತ್ತದೆ. ಡ್ರಮ್‌ನಲ್ಲಿ ಮೊದಲು ಏನಿತ್ತು ಅಂತ ಕೇಳಿ ತಿಳಿದುಕೊಂಡೇ ತನ್ನಿ, ಮತ್ತು ಪ್ಯಾನ್ ಇಡುವ ಮೊದಲು ಬಯಲಲ್ಲಿ ಒಂದು ಜೋರು ಬೆಂಕಿ ಹಾಕಿ ಬಣ್ಣವೆಲ್ಲ ಸುಟ್ಟು ಹೋಗಲಿ. ಕಬ್ಬಿಣ ಕತ್ತರಿಸಿ ಅಭ್ಯಾಸ ಇರುವವರಿಗೆ ಇದು, ನನ್ನಂಥವರಿಗೆ ಇಟ್ಟಿಗೆಯೇ ಸರಿ.

ಅಂಗಡಿಯ ಇವಾಪೊರೇಟರ್

ವರ್ಮಾಂಟ್‌ನ ಲೀಡರ್, ವಿಸ್ಕಾನ್ಸಿನ್‌ನ ಸ್ಮೋಕಿ ಲೇಕ್, ಕ್ಯುಬೆಕ್‌ನ ಸಿಡಿಎಲ್, ಹೀಗೆ ಹಲವರು ಹಿತ್ತಲಿನವರಿಗಾಗಿ ಸಣ್ಣ ಅಳತೆಯದನ್ನೂ ಮಾಡುತ್ತಾರೆ. ಬೆಲೆ ಸಾವಿರ ಡಾಲರ್‌ನಿಂದ ಮೇಲೆ, ಎಲ್ಲಿ ನಿಲ್ಲುತ್ತದೆ ಅನ್ನುವುದು ನಿಮ್ಮ ಆಸೆಗೆ ಬಿಟ್ಟಿದ್ದು. ಅಳತೆಯನ್ನು ಅಡಿಯಲ್ಲಿ ಹೇಳುತ್ತಾರೆ. 2×3 ಅಂದರೆ ಎರಡಡಿ ಅಗಲ, ಮೂರಡಿ ಉದ್ದ.

ಇಲ್ಲಿ ನೋಡಬೇಕಾದದ್ದು ತಳ. ಚಪ್ಪಟೆ ತಳದ 2×3 ಪ್ಯಾನ್ ಆರು ಚದರ ಅಡಿ, ಗಂಟೆಗೆ 23 ಲೀಟರ್, ಬ್ಲೋವರ್ ಇದ್ದರೆ ಇನ್ನೂ ಸ್ವಲ್ಪ. ಫ್ಲೂ ಪ್ಯಾನ್ ಅಂತ ಇನ್ನೊಂದು ಇದೆ, ಅದರ ತಳವನ್ನು ಸೀರೆ ನೆರಿಗೆಯ ಹಾಗೆ ಮಡಚಿರುತ್ತಾರೆ. ನೆರಿಗೆಯ ಸಂದಿನಲ್ಲಿ ಬೆಂಕಿ ಓಡುತ್ತದೆ, ಜಾಗ ಅಷ್ಟೇ ಇದ್ದರೂ ಬಿಸಿ ತಾಗುವ ಲೋಹ ಎಷ್ಟೋ ಪಟ್ಟು. ಅದರಲ್ಲಿ ಚದರ ಅಡಿಗೆ ಎರಡು ಗ್ಯಾಲನ್ ಅಥವಾ ಮೇಲೆ ಹಾರುತ್ತದೆ. 2×4 ಫ್ಲೂ ಪ್ಯಾನ್ ಸರಿಯಾಗಿ ಉರಿಸಿದರೆ ಗಂಟೆಗೆ 60 ಲೀಟರ್. ಮಾರುವವರು ಹೇಳುವ ಅಂಕಿ ಒಣ ಸೌದೆ, ಗಡಿಯಾರ ನೋಡಿ ಉರಿಸುವ ಕೈ, ಎರಡೂ ಇದ್ದಾಗಿನದು. ಅದರಲ್ಲಿ ಕಾಲು ಭಾಗ ಕಳೆದು ಲೆಕ್ಕ ಹಾಕಿ.

ಇನ್ನು ಪ್ಯಾನ್ ಒಳಗೆ ಅಡ್ಡಗೋಡೆಗಳು. ಒಂದು ಮೂಲೆಯಲ್ಲಿ ತೇಲುಗುಂಡಿನ ಡಬ್ಬದಿಂದ ಹೊಸ ರಸ ತಾನಾಗೇ ಬರುತ್ತದೆ, ಹಾವಿನ ಹಾಗೆ ಸುತ್ತಿ ಸುತ್ತಿ ಗಟ್ಟಿಯಾಗುತ್ತ ಇನ್ನೊಂದು ಮೂಲೆಯ ನಲ್ಲಿಯಲ್ಲಿ ಸಿರಪ್ ಆಗಿ ಇಳಿಯುತ್ತದೆ. ನೋಡಲು ಎಂಥ ಚೆಂದ! ಆದರೆ ಹತ್ತು ಟ್ಯಾಪ್‌ನವರು ಇದಕ್ಕೆ ಮರುಳಾಗಬೇಡಿ. 2×4 ಪ್ಯಾನಿನಲ್ಲಿ ಒಂದೂವರೆ ಇಂಚು ರಸ ನಿಲ್ಲಿಸಲಿಕ್ಕೇ 28 ಲೀಟರ್ ಬೇಕು, ಫ್ಲೂ ಇದ್ದರೆ ಇನ್ನೂ ಜಾಸ್ತಿ. ಮೂಲೆಯಿಂದ ಮೂಲೆಗೆ ಸಿಹಿ ಹಂತಹಂತವಾಗಿ ಏರಿ ಮೊದಲ ಸಿರಪ್ ನಲ್ಲಿಗೆ ಬರುವ ಮೊದಲು ನೂರಾರು ಲೀಟರ್ ರಸ ನುಂಗಿರುತ್ತದೆ. ರಸ ಅಷ್ಟರಲ್ಲಿ ಮುಗಿದರೆ, ಅರ್ಧಂಬರ್ಧ ಪಾಕವನ್ನು ಪ್ಯಾನಿನಲ್ಲೇ ಬಿಟ್ಟು ಮುಂದಿನ ವಾರದವರೆಗೆ ಕಾಯಬೇಕು. ಮೂವತ್ತು ಟ್ಯಾಪ್ ದಾಟಿದ ಮೇಲೆ ಈ ಯೋಚನೆ ಮಾಡಿ. ಅದಕ್ಕಿಂತ ಕಡಿಮೆ ಇದ್ದೂ ಕೊಳ್ಳಲೇಬೇಕು ಅನಿಸಿದರೆ ಅಡ್ಡಗೋಡೆ ಇಲ್ಲದ ಚಪ್ಪಟೆ 2×2 ಅಥವಾ 2×3 ತಗೊಳ್ಳಿ, ಒಂದೊಂದು ಸರತಿ ಇಳಿಸಿ.

ಹಳೆಯದು ಅಗ್ಗಕ್ಕೆ ಸಿಕ್ಕಿತು ಅಂತ ಓಡಿ ಹೋಗುವ ಮೊದಲು ಬೆಸುಗೆ ನೋಡಿ. ಹಿಂದಿನ ಕಾಲದ ಪ್ಯಾನ್‌ಗಳಲ್ಲಿ ಸೀಸದ ಬೆಸುಗೆ ಇರುತ್ತಿತ್ತು, ಗ್ಯಾಲ್ವನೈಸ್ ತಗಡೂ ಇರುತ್ತಿತ್ತು. ನಾನೊಮ್ಮೆ ಒಬ್ಬರಿಂದ ಇನ್ನೂರು ಡಾಲರ್ ಕೊಟ್ಟು ತಂದ ಪ್ಯಾನ್ ಈಗ ಹೂಗಿಡದ ತೊಟ್ಟಿ. ಹೂವಿಗೆ ಸರಿ, ಮಕ್ಕಳ ದೋಸೆಗೆ ಬೇಡ. ಆಹಾರಕ್ಕೆ ಯೋಗ್ಯವಾದ ಸ್ಟೇನ್‌ಲೆಸ್ ಸ್ಟೀಲ್, ಸೀಸವಿಲ್ಲದ ಟಿಗ್ ವೆಲ್ಡಿಂಗ್, ಇವೆರಡು ಇದ್ದರೆ ನಿಶ್ಚಿಂತೆ.

ಒಲೆಗೆ ಮೊದಲೇ ನೀರು ತೆಗೆಯುವುದು

ಮನೆಯ ಕುಡಿಯುವ ನೀರಿಗೆ ಆರ್‌ಒ ಇರುತ್ತದಲ್ಲ, ಅದನ್ನೇ ತಿರುಗಿಸಿ ಬಳಸುವುದು. ಅಲ್ಲಿ ನಾವು ಶುದ್ಧ ನೀರು ಇಟ್ಟುಕೊಂಡು ಉಳಿದದ್ದು ಚೆಲ್ಲುತ್ತೇವೆ, ಇಲ್ಲಿ ಶುದ್ಧ ನೀರು ಚೆಲ್ಲಿ ಉಳಿದದ್ದು ಇಟ್ಟುಕೊಳ್ಳುತ್ತೇವೆ. ಸಕ್ಕರೆ 2% ಇದ್ದದ್ದನ್ನು 4% ಮಾಡಿದರೆ ಸಾಕು, ಅರ್ಧ ನೀರು ಒಲೆ ಹಚ್ಚುವ ಮೊದಲೇ ಹೋಯಿತು. 86 ಭಾಗ 4, ಇಪ್ಪತ್ತೊಂದೂವರೆ. ಬಕೆಟ್ ಮೇಲೆ ಪಂಪು, ಮೆಂಬ್ರೇನ್ (ನೀರನ್ನು ಮಾತ್ರ ಬಿಡುವ ಪೊರೆ) ಕೂರಿಸಿದ ಸಣ್ಣ ಕಿಟ್‌ಗಳು ಕೆಲವು ನೂರು ಡಾಲರ್‌ಗೆ ಸಿಗುತ್ತವೆ.

ಇಷ್ಟೆಲ್ಲ ಒಲೆ ಪುರಾಣ ಬರೆದ ಮೇಲೆ ಹೀಗೆ ಹೇಳುವುದು ತಮಾಷೆ ಅನಿಸಬಹುದು, ಆದರೆ ಕೈಯಲ್ಲಿ ಐನೂರು ಡಾಲರ್ ಇದ್ದರೆ ನಾನು ದೊಡ್ಡ ಒಲೆಗಿಂತ ಮೊದಲು ಇದನ್ನೇ ಕೊಳ್ಳುತ್ತೇನೆ. ಗಂಟೆಗೆ 12 ಲೀಟರಿನ ಒಲೆ ರಾತ್ರೋರಾತ್ರಿ 24 ಲೀಟರಿನದಾಯಿತು, ಸೌದೆಯೂ ಅರ್ಧ. ತೊಂದರೆ ಏನೆಂದರೆ ಮೆಂಬ್ರೇನ್ ಹೆಪ್ಪುಗಟ್ಟಿದರೆ ಹಾಳು, ರಸ ತೀರಾ ತಣ್ಣಗಿದ್ದರೆ ನಿಧಾನ, ಪ್ರತಿ ಸಲ ಕೆಲಸ ಮುಗಿದ ಮೇಲೆ ಅದೇ ಶುದ್ಧ ನೀರಿನಿಂದ ತೊಳೆಯಬೇಕು. ಸಕ್ಕರೆ ಹೆಚ್ಚಾದ ರಸ ಬೇಗ ಕೆಡುತ್ತದೆ ಕೂಡ. ಶನಿವಾರ ಕುದಿಸುವುದಾದರೆ ಶುಕ್ರವಾರ ರಾತ್ರಿ ಹಾಕಿ, ಬುಧವಾರ ಅಲ್ಲ.

ರುಚಿ ಹೋಗುತ್ತದೆ ಅನ್ನುವವರು ಇದ್ದಾರೆ. ಬಣ್ಣ ಸ್ವಲ್ಪ ತಿಳಿಯಾದೀತು, ಯಾಕೆಂದರೆ ಬೆಂಕಿ ಮೇಲಿನ ಹೊತ್ತು ಕಡಿಮೆ. ನಮ್ಮ ಮನೆಯಲ್ಲಿ ಎರಡು ಬಾಟಲಿ ಇಟ್ಟು ಕಣ್ಣು ಮುಚ್ಚಿ ರುಚಿ ನೋಡಿದೆವು, ಯಾರಿಗೂ ಗುರುತು ಸಿಗಲಿಲ್ಲ.

ಕೊನೆಯ ಹದ ಯಾವುದರ ಮೇಲೆ?

ಎಲ್ಲ ಒಲೆಗಳಿಗೂ ಒಂದೇ ಸಲಹೆ: ಹದಕ್ಕೆ ಹತ್ತಿರ ಬಂದದ್ದನ್ನು ಸೌದೆ ಬೆಂಕಿ ಮೇಲೆ ಮುಗಿಸಬೇಡಿ. ಅಡ್ಡಗೋಡೆಯ ದೊಡ್ಡ ಪ್ಯಾನ್ ಇದ್ದವರ ಮಾತು ಬೇರೆ. ಗಂಟೆಗಟ್ಟಲೆ ನಿಧಾನಕ್ಕೆ ನಡೆದದ್ದು ಕೊನೆಯ ಹತ್ತು ನಿಮಿಷ ಓಡುತ್ತದೆ, ಸೌದೆ ಬೆಂಕಿಯನ್ನು ಗುಬ್ಬಿ ತಿರುಗಿಸಿ ಆರಿಸಲು ಆಗುವುದಿಲ್ಲ. ಮೂರು ನಾಲ್ಕು ಲೀಟರ್‌ಗೆ ಇಳಿದಾಗ ಸೋಸಿ ಒಳಗೆ ತಂದು ಗ್ಯಾಸ್ ಒಲೆ ಮೇಲೆ ಇಡಿ. ಅಷ್ಟು ಹಬೆಗೆ ಗೋಡೆಗೆ ಏನೂ ಆಗುವುದಿಲ್ಲ.

ನೀರು ಕುದಿಯುವ ಶಾಖಕ್ಕಿಂತ 4 ಡಿಗ್ರಿ ಸೆಲ್ಸಿಯಸ್ ಮೇಲೆ ಹೋದರೆ ಸಿರಪ್. ಆದರೆ ನಿಮ್ಮ ಬೆಟ್ಟದ ಮೇಲೆ, ಆ ದಿನದ ಹವೆಗೆ ನೀರು 100ಕ್ಕೇ ಕುದಿಯುತ್ತದೆ ಅಂತ ನಂಬಬೇಡಿ. ದಿನಾ ಒಂದು ಲೋಟ ನೀರು ಕುದಿಸಿ ಥರ್ಮಾಮೀಟರ್ ನೋಡಿಕೊಳ್ಳಿ. ಸಿರಪ್‌ನಲ್ಲಿ ತೇಲಿಬಿಟ್ಟು ಸಾಂದ್ರತೆ ನೋಡುವ ಹೈಡ್ರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಸಕ್ಕರೆ 66-67 ಬ್ರಿಕ್ಸ್, ಅಂದರೆ ತೂಕದಲ್ಲಿ ಅಷ್ಟು ಶೇಕಡಾ ಇರಬೇಕು. ನಮ್ಮ ಅಮ್ಮಂದಿರ ಒಂದೆಳೆ ಪಾಕದ ಲೆಕ್ಕ ಇಲ್ಲಿಗೆ ಆಗುವುದಿಲ್ಲ, ಎಳೆ ಬರುವವರೆಗೆ ಕಾದರೆ ಹದ ಮೀರಿರುತ್ತದೆ, ಬಾಟಲಿ ತಳದಲ್ಲಿ ಕಲ್ಲುಸಕ್ಕರೆ ಕೂರುತ್ತದೆ. ಸೌಟಿನ ಅಂಚಿನಿಂದ ಹನಿಯಾಗದೆ ಪರದೆಯ ಹಾಗೆ ಜಾರಿದರೆ ಸಾಕು. ಉಕ್ಕಿದರೆ ಕಡಲೆಕಾಳಿನಷ್ಟು ಬೆಣ್ಣೆ ಹಾಕಿ, ನೊರೆ ತಕ್ಷಣ ಕೂರುತ್ತದೆ. ಊರಲ್ಲಿ ಕೊಪ್ಪರಿಗೆ ಉಕ್ಕಿದಾಗ ಎರಡು ಹನಿ ಎಣ್ಣೆ ಬಿಡುತ್ತಿದ್ದರಲ್ಲ, ಅದೇ ವಿದ್ಯೆ. ಬಿಸಿ ಇರುವಾಗಲೇ ಉಣ್ಣೆಯಂಥ ದಪ್ಪ ಬಟ್ಟೆಯಲ್ಲಿ ಸೋಸಿದರೆ ಮರಳಿನಂಥ ಕಲ್ಮಶ ಬಟ್ಟೆಯಲ್ಲೇ ಉಳಿಯುತ್ತದೆ, 82-85 ಡಿಗ್ರಿಯಲ್ಲಿ ಬಾಟಲಿ ತುಂಬಿಸಿ.

ಭಾವ ಏನು ಮಾಡಿದರು ಅಂತ ಕೇಳಬಹುದು. ಸಾವಿರದ ಎಂಟುನೂರು ಡಾಲರಿನ ಅಡ್ಡಗೋಡೆಯ ಪ್ಯಾನ್ ಒಂದರ ಮೇಲೆ ಕಣ್ಣಿಟ್ಟಿದ್ದರು, ಅದನ್ನು ಬಿಟ್ಟರು. ಇಟ್ಟಿಗೆ ಒಲೆ, ಮೂರು ಹಳೆಯ ಬಫೆ ಪ್ಯಾನ್, ಮುಗಿಸಲು ಒಂದು ಗ್ಯಾಸ್ ಬರ್ನರ್. ಆರ್‌ಒ ಬಕೆಟ್ ಮುಂದಿನ ವರ್ಷಕ್ಕೆ. ಮೊದಲ ಶನಿವಾರ ರಾತ್ರಿ ಎಂಟಕ್ಕೆ ಫೋನ್ ಮಾಡಿ, "ರಸ ಮುಗೀತು, ಕೆಂಡ ಇನ್ನೂ ಉರೀತಾ ಇದೆ, ಪ್ಯಾನ್ ಖಾಲಿ ಮಾಡಲಾ?" ಅಂದರು. ಬೇಡವೇ ಬೇಡ ಅಂದೆ. ಕೆಂಡ ಇರುವಾಗ ಖಾಲಿ ಪ್ಯಾನ್ ಇಟ್ಟರೆ ನಿಮಿಷದಲ್ಲಿ ಸುಟ್ಟು ಡೊಂಕಾಗುತ್ತದೆ. ಕೊನೆಗೆಂದೇ ಒಂದು ಬಕೆಟ್ ರಸವೋ ನೀರೋ ಪಕ್ಕದಲ್ಲಿ ಇಟ್ಟುಕೊಂಡಿರಬೇಕು. ಅವರ ಹತ್ತಿರ ಎರಡೂ ಇರಲಿಲ್ಲ, ಫೋನ್ ಕೆಳಗಿಡದೇ ಪ್ಯಾನಿಗೆ ಸಲಿಕೆಯಲ್ಲಿ ಹಿಮ ತುಂಬಿಸಿದರು.